ಜಾಬೆಜ್ ಮಲಗಿದ್ದೆಲ್ಲಿ?

ಋಷಿಮೂಲ, ನದಿಮೂಲ ಕೆದಕಬಾರದು ಎಂದು ಟಾಡ್‌ಮರ್ಡನ್ ಎಂಬ ಇಂಗ್ಲಿಷ್ ಊರಿನ ಮ್ಯೂರಿಯಲ್ ಅಟ್ಲಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುವ ಪೈಕಿಯಲ್ಲ ಅವಳು. ಮದುವೆಯಾದವಳಲ್ಲ, ಇದ್ದೊಬ್ಬ ಅಣ್ಣ ಹೋದ ವರ್ಷ ತೀರಿಕೊಂಡಿದ್ದ. ಬರುವ ಭಾನುವಾರ ಅವಳಿಗೆ ಎಪ್ಪತ್ತು ತುಂಬುತ್ತಿತ್ತು. ಊಟದ ಮೇಜಿಗೆ ರಕ್ತಸಂಬಂಧಿ ಅಂತ ಒಬ್ಬರಾದರೂ ಬೇಕೆಂದು ಅವಳ ಜೀವ ಹಂಬಲಿಸುತ್ತಿತ್ತು. ಅದಕ್ಕೇ ಲೈಬ್ರರಿಯ ಕಂಪ್ಯೂಟರಿನಲ್ಲಿ ಮುತ್ತಜ್ಜ ಜಾಬೆಜ್‌ನ ಬೆನ್ನು ಹತ್ತಿದ್ದಳು.

ಪಕ್ಕದ ಕುರ್ಚಿಯಲ್ಲಿ ಥೆಲ್ಮಾ ಕ್ರಾಬ್‌ಟ್ರೀ, ಅವಳೂ ತನ್ನ ವಂಶ ಹುಡುಕುವವಳೇ. ಇಬ್ಬರದೂ ಎಣ್ಣೆ ಸೀಗೆಕಾಯಿ. ಚರ್ಚಿನ ಸ್ಪರ್ಧೆಗೆ ಥೆಲ್ಮಾ ಅಂಗಡಿಯ ಶುಂಠಿ ಕೇಕು ತಂದು ಮೊದಲ ಬಹುಮಾನ ಹೊಡೆದಳೆಂದು ಮ್ಯೂರಿಯಲ್ ಊರೆಲ್ಲ ಸಾರಿದ್ದಳು. ಎರಡನೆಯ ಬಹುಮಾನ ಬಂದದ್ದು ಮ್ಯೂರಿಯಲ್‌ಗೆ.

ಜನಗಣತಿಯ ಕಟ್ಟಳೆ ಸರಳ. ಗೊತ್ತುಮಾಡಿದ ರಾತ್ರಿ ಯಾರು ಯಾವ ಸೂರಿನಡಿ ಮಲಗಿದ್ದರೋ ಅಲ್ಲೇ ಅವರ ಹೆಸರು. ೧೮೮೧ರ ಗಣತಿಯಲ್ಲಿ ಜಾಬೆಜ್ ಸಿಕ್ಕಿದ: ಟಾಡ್‌ಮರ್ಡನ್, ಹೆಂಡತಿ ಹ್ಯಾನಾ, ಕಸುಬು ಮರದ ಅಟ್ಟೆಯ ಬೂಟು ಮಾಡುವುದು, ಹುಟ್ಟಿದ್ದು ಮ್ಯಾಂಕಿನ್‌ಹೋಲ್ಸ್ ಎಂಬ ಹಳ್ಳಿಯಲ್ಲಿ. ಕೆಳಗೇ ಇನ್ನೊಬ್ಬ ಜಾಬೆಜ್ ಅಟ್ಲಿ. ಅದೇ ವಯಸ್ಸು, ಅದೇ ಕಸುಬು, ಅದೇ ಹಳ್ಳಿ. ಊರು ಮಾತ್ರ ರಾಚ್‌ಡೇಲ್, ಹೆಂಡತಿ ಸೆಲೀನಾ. ಜನನ ಸೂಚಿ ತೆರೆದರೆ ಆ ವಸಂತದಲ್ಲಿ ಎರಡೂ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು.

"ಒಬ್ಬ ಗಂಡಸು ಒಂದೇ ರಾತ್ರಿ ಎರಡು ಮನೇಲಿ ಹೆಂಗೆ ಮಲಗ್ತಾನೆ?" ಎಂದು ಮ್ಯೂರಿಯಲ್ ಬಾಯಿಬಿಟ್ಟೇ ಕೇಳಿದಳು.

"ಎರಡರಲ್ಲೂ ಮಲಗಿರಲ್ಲ ಕಣೇ. ಗಂಡ ಮನೇಲಿಲ್ಲ ಅಂತ ಬರೆಸಿದ್ರೆ ಓಣಿಯೋರು ಆಡ್ಕೊಳ್ಳಲ್ವಾ? ಅದಕ್ಕೇ ಹೆಂಡ್ತಿ ಇದ್ದಾನೆ ಅಂತ ಬರೆಸಿರ್ತಾಳೆ." ಥೆಲ್ಮಾ ಇಣುಕಿ ನೋಡಿದವಳು ಹಾಗೇ ಹುಳ್ಳಗಾದಳು. "ರಾಚ್‌ಡೇಲಿನ ಸೆಲೀನಾ? ಅವಳು ನಮ್ಮಮ್ಮನ ಕಡೆ ಮುತ್ತಜ್ಜಿ! ಬೂಟು ಮಾರೋಕೆ ಊರೂರು ತಿರುಗ್ತಿದ್ದ ನಮ್ಮ ಮುತ್ತಜ್ಜ, ಪಾಪ, ಅಂತಿದ್ರು ಮನೇಲಿ."

"ಪಾಪವಂತೆ! ಹಾಗಾದ್ರೆ ಆ ರಾತ್ರಿ ಬೋಳೀಮಗ ಇದ್ದದ್ದೆಲ್ಲಿ?"

ಇಬ್ಬರೂ ತಲೆಗೆ ತಲೆ ತಾಗಿಸಿ ಹುಡುಕಿದರು. ಸಿಕ್ಕಿದ, ಬ್ಲ್ಯಾಕ್‌ಪೂಲಿನ ಸಮುದ್ರದ ದಂಡೆಯಲ್ಲಿ, ಒಬ್ಬ ವಿಧವೆಯ ಬಾಡಿಗೆ ಕೋಣೆಯಲ್ಲಿ. ಜಾಬೆಜ್ ಅಟ್ಲಿ, ಬೂಟು ಮಾಡುವವನು, ಅವಿವಾಹಿತ.

"ಅವಿವಾಹಿತ!" ಥೆಲ್ಮಾ ಮೇಜು ಗುದ್ದಿದಳು. "ಮೂರನೇದಕ್ಕೆ ಗಾಳ ಹಾಕ್ತಿದ್ದ ಕಣೇ!"

ಲೈಬ್ರರಿಯವರು ಶ್... ಎನ್ನುವಷ್ಟು ಇಬ್ಬರೂ ನಕ್ಕರು. ನಗು ನಿಂತಾಗ ಮ್ಯೂರಿಯಲ್‌ಗೆ ಹೊಳೆಯಿತು. ಇಷ್ಟು ದಿನ ತಡಕಾಡಿದ ರಕ್ತಸಂಬಂಧಿ ಅಂದರೆ ಇವಳೇ! ದೇವರಿಗೆ ಬೇರೆ ಯಾರೂ ಸಿಗಲಿಲ್ಲವೇ? ಆದರೂ ಸಂತೋಷವಾಯಿತು, ಅದನ್ನು ಮುಚ್ಚಿಡಲು ಕನ್ನಡಕ ಒರೆಸಿಕೊಂಡಳು.

"ಭಾನುವಾರ ಊಟಕ್ಕೆ ಬಾ," ಎಂದಳು.

"ಕೇಕು ನಾನು ತರ್ತೀನಿ."

"ಅಂಗಡೀದಾ?"

ಥೆಲ್ಮಾ ಸುತ್ತ ನೋಡಿ ಪಿಸುಗುಟ್ಟಿದಳು: "ಸಂಬಂಧಿ ಅಂದ್ಮೇಲೆ ಮುಚ್ಚುಮರೆ ಯಾಕೆ? ಆವತ್ತಿಂದು ಅಂಗಡೀದೇ. ಸ್ಟೇಷನ್ ಹತ್ರದ ಬೇಕರಿ."

ಮ್ಯೂರಿಯಲ್ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು.

"ನಂದೂ ಅಲ್ಲೀದೇ," ಎಂದಳು. "ಒಳ್ಳೇದನ್ನ ನೀನು ಮೊದಲೇ ಹೋಗಿ ಎತ್ಕೊಂಡಿದ್ದೆ."