ದೊಡ್ಡರಾಣಿ ಒಪ್ಪಿದ ವಾರ

ನಮ್ಮ ಅತ್ತೆ ಸೀತಮ್ಮನವರ ಕಣ್ಣಿಗೆ ಪೊರೆ ಬಂತು. ಅದು ಹಣ್ಣಾಗುವ ತನಕ ಆಪರೇಷನ್ ಮಾಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ಅಲ್ಲಿಂದಾಚೆಗೆ ಪ್ರತಿ ಗುರುವಾರ ಅವರನ್ನು ಅಳಿಸುವ ಕೆಲಸ ನನ್ನದಾಯಿತು. ಗುರುವಾರ ವಾರಪತ್ರಿಕೆ ಬರುವ ದಿನ. ಅದರಲ್ಲಿ ಪಾಳೆಯಗಾರರ ಕಾಲದ ಒಂದು ಪ್ರೇಮಕಥೆ ಧಾರಾವಾಹಿಯಾಗಿ ಬರುತ್ತಿತ್ತು. ನಾನು ಗಟ್ಟಿಯಾಗಿ ಓದಬೇಕು, ಅವರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳಬೇಕು. ಪೊರೆ ನೋಟಕ್ಕೆ ಅಡ್ಡ ಬಂದಿತ್ತೇ ಹೊರತು ನೀರಿಗೆ ಅಡ್ಡ ಬಂದಿರಲಿಲ್ಲ.

ಇದು ಸಾವಿರದ ಒಂಬೈನೂರ ಅರವತ್ತೆರಡರ ಮಾತು. ನಾವು ಬಸವನಗುಡಿಯ ಬಾಡಿಗೆ ಮನೆ ಬಿಟ್ಟು ಜಯನಗರದ ಮೂರನೇ ಬ್ಲಾಕಿಗೆ ಬಂದು ಎರಡು ವರ್ಷವಾಗಿತ್ತು. ಅಕ್ಕಪಕ್ಕ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಗಾಳಿ ಬೀಸಿದರೆ ಒಗೆದು ಹರವಿದ ಬಟ್ಟೆಯ ಮೇಲೆಲ್ಲ ಕೆಂಪು ಧೂಳು. ನಸುಕಿನಲ್ಲಿ ಎದ್ದು, ನಲ್ಲಿ ನಿಲ್ಲುವುದರೊಳಗೆ ನೀರು ಹಿಡಿದು, ಹೊಟ್ಟಿನ ಒಲೆ ತುಂಬಿ, ಆಫೀಸಿಗೆ ಹೋಗುವ ಇಬ್ಬರಿಗೆ ಡಬ್ಬಿ ಕಟ್ಟಿ, ರುಬ್ಬಿ, ಒಗೆದು, ಅತ್ತೆಯ ಮಡಿ ಅಡಿಗೆ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಎರಡಾಗುತ್ತಿತ್ತು. ನನಗೆ ಬೇಕಾಗಿದ್ದದ್ದು ಚಾಪೆಯ ಮೇಲೆ ಅರ್ಧ ಗಂಟೆ. ಸಿಗುತ್ತಿದ್ದದ್ದು ಪಾಳೆಯಗಾರನ ಕುದುರೆ.

ಕೇಳುವುದಕ್ಕೆ ಅತ್ತೆ ಒಬ್ಬರೇ ಅಲ್ಲ. ಪಕ್ಕದ ಮನೆಯ ಗೌರಮ್ಮ ಅಕ್ಕಿ ಆರಿಸುವ ಮೊರದ ಸಮೇತ ಬರುತ್ತಿದ್ದರು. ಸಾರಕ್ಕಿಯಿಂದ ಸೊಪ್ಪು ತರುವ ಬೈರಮ್ಮ ಬುಟ್ಟಿ ಇಳಿಸಿ ಜಗಲಿಯ ಮೇಲೆ ಕೂರುತ್ತಿದ್ದಳು. ಕಥೆ ಬಹಳ ದೊಡ್ಡದೇನಲ್ಲ. ಹೂವಾಡಗಿತ್ತಿಯ ಮಗಳು ಕೇತಕಿ. ಪಾಳೆಯಗಾರನ ಮಗ ಅವಳನ್ನು ಕೋಟೆಯ ಬಾಗಿಲಲ್ಲಿ ಕಂಡು ಮನಸೋತ. ಅವನ ತಾಯಿ ದೊಡ್ಡರಾಣಿ ಸುತರಾಂ ಒಪ್ಪಳು. ಮೂವತ್ತು ವಾರದಿಂದ ಆಕೆ ಒಪ್ಪುತ್ತಿರಲಿಲ್ಲ. ನಾನಾಗಿದ್ದರೆ ಮೂರನೇ ವಾರಕ್ಕೇ ಸುಸ್ತಾಗಿ ಒಪ್ಪಿಬಿಡುತ್ತಿದ್ದೆ.

"ಹೂವು ಕಟ್ಟೋ ಕೈಗೆ ಎಂಥ ಕುಲವೇ ಗೌರಾ," ಎನ್ನುತ್ತಿದ್ದರು ಅತ್ತೆ. "ಹೊಟ್ಟೇಲಿ ಹುಟ್ಟಿದ ಮಗ ಊಟ ಬಿಟ್ಟು ಮಲಗಿದಾನೆ. ಆ ರಾಣಿಗೆ ಕರುಳು ಅನ್ನೋದು ಬೇಡ್ವೇ?"

"ನಮ್ ಕಡೆ ಆಗಿದ್ರೆ ಊರ್ ಯಜಮಾನ್ರು ಕೂತು, ಒಂದ್ ದಂಡ ಹಾಕಿ, ಸೇರಿಸ್ಬಿಡೋರು ಅಮ್ಮಾ," ಎಂದು ಬೈರಮ್ಮ ಹೊರಗಿನಿಂದ ತೀರ್ಪು ಕೊಡುತ್ತಿದ್ದಳು.

ನನ್ನ ನಾದಿನಿ ಅಂಬುಜಾಕ್ಷಿಗೆ ಆಗ ಇಪ್ಪತ್ತಾರು. ಒಂದು ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟ್. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗಿಬರುವುದಿಲ್ಲ ಎಂದು ಆರೇಳು ಸಂಬಂಧಗಳು ಜಾತಕದಲ್ಲೇ ಮುಗಿದುಹೋಗಿದ್ದವು. ಕೊನೆಗೆ ಅರಸೀಕೆರೆಯಿಂದ ಒಂದು ಬಂತು. ಹುಡುಗನಿಗೆ ನಲವತ್ತರ ಹತ್ತಿರ, ಮೊದಲ ಹೆಂಡತಿ ತೀರಿಕೊಂಡಿದ್ದಾಳೆ, ನಾಲ್ಕು ವರ್ಷದ ಮಗಳಿದ್ದಾಳೆ. ಹುಡುಗನ ತಂದೆ ಆಗಲೇ ಕಾಲವಾಗಿರುವುದರಿಂದ ನಮ್ಮ ನಕ್ಷತ್ರ ಇನ್ನು ಅವರಿಗೆ ಮಾಡುವುದೇನೂ ಉಳಿದಿಲ್ಲ. ಅತ್ತೆ ಇದನ್ನು ದೇವರು ತೋರಿಸಿದ ದಾರಿ ಎಂದರು. ತಿಂಗಳ ಕೊನೆಗೆ ನಿಶ್ಚಿತಾರ್ಥಕ್ಕೆ ಬರುವುದಾಗಿ ಆ ಕಡೆಯಿಂದ ಕಾಗದ ಬಂತು.

ಕಾಗದ ಬಂದ ಸಂಜೆ ಅಂಬು ಹಿತ್ತಲಿಗೆ ಬಂದು, ನಾನು ಬಟ್ಟೆ ತೆಗೆಯುತ್ತಿದ್ದರೆ ತಾನೂ ತೆಗೆಯಲು ನಿಂತಳು.

"ಅತ್ತಿಗೆ, ಆಫೀಸಲ್ಲಿ ತಿರುಮಲೇಶ ಅಂತ ಇದ್ದಾರೆ. ನಾವಿಬ್ಬರೂ ಮದುವೆ ಆಗಬೇಕು ಅಂತಿದೀವಿ. ಅವರ ಮನೇಲಿ ಒಪ್ಪಿದ್ದಾರೆ."

"ಯಾವ ಜನ?"

"ಅಯ್ಯಂಗಾರ್ರು." ಅವಳು ಒಂದು ಪಂಚೆಯನ್ನು ನಾಲ್ಕು ಸಲ ಮಡಿಸಿದಳು. "ಅಮ್ಮನ ಎದುರು ನನ್ನ ಬಾಯಿ ಬರಲ್ಲ. ನೀವು ಕೇಳ್ತೀರಾ? ಕಥೆ ಕೇಳ್ತಾ ಅಷ್ಟೊಂದು ಅಳ್ತಾರಲ್ಲ, ನನಗೆ ಸ್ವಲ್ಪ ಧೈರ್ಯ ಬಂದಿರೋದೇ ಅದರಿಂದ."

ಕೇಳುತ್ತೇನೆ ಎಂದೆ. ಮೊದಲು ನನ್ನ ಯಜಮಾನರಾದ ಬದರಿನಾಥರ ಹತ್ತಿರ ಹೇಳಿದೆ. "ಅಮ್ಮ ಉಂಟು, ನೀನುಂಟು, ನನ್ನ ಯಾಕೆ ಎಳೀತೀಯ," ಎಂದು ಅವರು ಪೇಪರಿನ ಹಿಂದೆ ಹೋದರು. ಮಾರನೆಯ ದಿನ ಅತ್ತೆಗೆ ಕಾಫಿ ಕೊಡುತ್ತ, ಅಂಬುವಿನ ಆಫೀಸಿನಲ್ಲಿ ತಿರುಮಲೇಶ ಅಂತ ಒಬ್ಬರಿದ್ದಾರಂತೆ, ಒಳ್ಳೆಯವರಂತೆ ಎಂದು ಶುರುಮಾಡಿದೆ.

"ನಾಮದವರು," ಎಂದರು ಅತ್ತೆ. ಅಷ್ಟೇ. ಲೋಟ ಕೆಳಗಿಟ್ಟು ಜಪಮಾಲೆ ತೆಗೆದುಕೊಂಡರು.

ಹಿಂದಿನ ಗುರುವಾರ ಕೋಟೆಯ ಅರಸುಮಗನಿಗೂ ಹೂವಾಡಗಿತ್ತಿಯ ಮಗಳಿಗೂ ಕುಲ ಕೇಳಬಾರದು ಎಂದು ಅತ್ತಿದ್ದ ಬಾಯಿ ಅದೇ. ನಮ್ಮ ಹಣೆಯ ಗೆರೆ ಅಡ್ಡ, ಅವರದು ಉದ್ದ. ಇಬ್ಬರೂ ತಿನ್ನುವುದು ಅದೇ ಪುಳಿಯೋಗರೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಉರಿದಿದ್ದನ್ನು ಬಾಯಿಗೆ ತರುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಾನು ಅತ್ತೆಗೆ ಎದುರು ಮಾತಾಡಿದವಳಲ್ಲ. ಲೋಟ ಎತ್ತಿಕೊಂಡು ಒಳಗೆ ಹೋದೆ.

ಆಗ ಹೊಳೆದದ್ದೇ ಈ ಉಪಾಯ. ನಾನು ಹೇಳಿದರೆ ಅವರು ಕೇಳುವುದಿಲ್ಲ, ಕಥೆ ಹೇಳಿದರೆ ಕೇಳಿಯಾರು. ಅವರಿಗೆ ಕಣ್ಣು ಕಾಣದು, ಗೌರಮ್ಮನವರ ಮನೆಗೆ ಈ ಪತ್ರಿಕೆ ಬರದು, ಬೈರಮ್ಮನಿಗೆ ಅಕ್ಷರ ಬಾರದು. ಹಾಳೆಯಲ್ಲಿ ಏನಿದ್ದರೆ ಏನಂತೆ.

ಆ ಗುರುವಾರದ ಕಂತಿನಲ್ಲಿ ದೊಡ್ಡರಾಣಿ ಕೇತಕಿಯನ್ನು ರಾತ್ರೋರಾತ್ರಿ ಗಡಿ ದಾಟಿಸುವಂತೆ ಅಪ್ಪಣೆ ಕೊಡುತ್ತಾಳೆ. ನಾನು ಅರ್ಧ ಪುಟ ಇದ್ದದ್ದನ್ನೇ ಓದಿ, ಅಲ್ಲಿಂದ ಮುಂದಕ್ಕೆ ನನ್ನ ದೊಡ್ಡರಾಣಿಯನ್ನು ಕರೆತಂದೆ. ಆಕೆ ಮಗನನ್ನು ಹತ್ತಿರ ಕರೆದಳು. ತಲೆ ಸವರಿದಳು. "ಮಗೂ, ನನ್ನ ಮದುವೆಯ ದಿನ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೋಟೆ ನೋಡಿದರು, ಆನೆ ನೋಡಿದರು, ನನ್ನ ಮುಖ ನೋಡಲಿಲ್ಲ. ಆ ನೋವು ನನ್ನೊಂದಿಗೇ ಮುಗಿಯಲಿ. ಹೋಗಿ ಆ ಹುಡುಗಿಯನ್ನು ಕರೆದುಕೊಂಡು ಬಾ," ಎಂದಳು. ಇಷ್ಟು ಚೆನ್ನಾಗಿ ಮಾತಾಡುತ್ತಾಳೆ ಎಂದು ನನಗೂ ಗೊತ್ತಿರಲಿಲ್ಲ. ಓದುತ್ತ ಓದುತ್ತ ನನ್ನ ಕಣ್ಣೇ ಒದ್ದೆಯಾಯಿತು.

ಗೌರಮ್ಮನ ಕೈ ಮೊರದಲ್ಲಿ ನಿಂತಿತು. "ಅಂತೂ ಬುದ್ಧಿ ಬಂತು ಬಿಡಿ ಮಾತಾಯಿಗೆ," ಎಂದಳು ಬೈರಮ್ಮ.

ಅತ್ತೆ ಅಳಲಿಲ್ಲ. ಗೋಡೆಗೆ ಒರಗಿದ್ದವರು ನೇರವಾಗಿ ಕೂತರು. "ಆ ರಾಣಿ ಹೇಳಿದ ಮಾತು ಇನ್ನೊಂದ್ಸಲ ಓದು," ಎಂದರು.

ಹಾಳೆ ದಿಟ್ಟಿಸಿ ನೋಡಿದೆ. ಅಲ್ಲಿದ್ದದ್ದು ಗಡಿ ದಾಟಿಸುವ ಅಪ್ಪಣೆ. ನೆನಪಾದಷ್ಟು ಹೇಳಿದೆ. ಆನೆ ಮೊದಲು ಬಂತು, ಕೋಟೆ ಆಮೇಲೆ ಬಂತು, ಮುಖದ ಮಾತು ಬಿಟ್ಟೇಹೋಯಿತು. ಅತ್ತೆ ಚಿಕ್ಕಂದಿನಿಂದ ಸಹಸ್ರನಾಮ ಬಾಯಿಪಾಠ ಹೇಳಿದವರು. ಒಂದು ನಾಮ ಹಿಂದುಮುಂದಾದರೆ ಪುರೋಹಿತರನ್ನೂ ತಡೆದು ತಿದ್ದುವವರು. ಅಂಥವರ ಕಿವಿಯ ಮುಂದೆ ನಾನು ಇಲ್ಲದ ಮಾತನ್ನು ಎರಡು ಸಲ ಓದಲು ಹೋಗಿದ್ದೆ.

ಗೌರಮ್ಮ ಮೊರ ಎತ್ತಿಕೊಂಡು ಹೋಗಿ, ಬೈರಮ್ಮ ಬುಟ್ಟಿ ಹೊತ್ತು ಖಾಲಿ ಸೈಟು ದಾಟುವ ತನಕ ಅತ್ತೆ ಕಾದರು.

"ಎಷ್ಟು ವಾರದಿಂದ ನಡೀತಿದೆ ಇದು?"

"ಇವತ್ತು ಒಂದೇ ಸಲ ಅತ್ತೆ."

"ಕಥೆ ನಾನು ಅಳೋದಕ್ಕೆ ಅಂತ ಓದಿಸ್ಕೋತೀನಿ ವಿಮಲಾ, ಬುದ್ಧಿ ಹೇಳಿಸ್ಕೊಳ್ಳೋದಕ್ಕಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವು. ಅದೇ ನನ್ನನ್ನು ಹೆದರಿಸಿತು. "ಅವರೆಲ್ಲ ಸತ್ತು ಮುನ್ನೂರು ವರ್ಷ ಆಯ್ತು. ಅವರು ಯಾರನ್ನ ಕಟ್ಟಿಕೊಂಡ್ರೂ ನಮ್ಮನೆ ತಿಥಿಗೆ ಬ್ರಾಹ್ಮಣರು ಬರ್ತಾರೆ. ಇವಳು ಕಟ್ಟಿಕೊಂಡ್ರೆ ಬರ್ತಾರಾ? ನಿಮ್ಮ ಮಾವನಿಗೆ ಪಿಂಡ ಯಾರು ಹಾಕಿಸ್ತಾರೆ, ನೀನೋ, ನಿನ್ನ ರಾಣಿಯೋ?"

ನನಗೆ ಉತ್ತರ ತೋಚಿದ್ದು ಮೂರು ದಿನ ಕಳೆದ ಮೇಲೆ. ಆ ಹೊತ್ತಿಗೆ ಅತ್ತೆ ಬದರಿನಾಥರನ್ನು ಕೂರಿಸಿಕೊಂಡು ಅರಸೀಕೆರೆಗೆ ಕಾಗದ ಬರೆಸಿಯಾಗಿತ್ತು. ತಿಂಗಳ ಕೊನೆ ಬೇಡ, ಬರುವ ಸೋಮವಾರವೇ ದಿನ ಚೆನ್ನಾಗಿದೆ. ಪತ್ರಿಕೆಯವನಿಗೂ ಇನ್ನು ಹಾಕಬೇಡ ಎಂದು ಹೇಳಿಸಿದರು.

ಹೀಗೆ ನನ್ನ ಜಾಣತನ ಅಂಬುವಿನ ಕೈಯಲ್ಲಿದ್ದ ಎರಡು ವಾರವನ್ನೂ ತಿಂದುಹಾಕಿತು. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

"ನೀವು ನೇರವಾಗಿ ಕೇಳಬೇಕಿತ್ತು ಅತ್ತಿಗೆ," ಎಂದಳು. "ಅಮ್ಮ ಬೈದಿದ್ರೆ ನಾನೂ ಬಂದು ನಿಮ್ಮ ಪಕ್ಕ ನಿಂತ್ಕೋತಿದ್ದೆ. ಕಥೇಲಿ ನಾನು ಎಲ್ಲಿ ಬಂದು ನಿಂತ್ಕೊಳ್ಳಲಿ?"

ಸೋಮವಾರ ಅರಸೀಕೆರೆಯವರು ಬಂದರು. ಹುಡುಗ ಕೆಟ್ಟವನೇನಲ್ಲ. ಉಪ್ಪಿಟ್ಟಿನಲ್ಲಿದ್ದ ಮೆಣಸಿನಕಾಯನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು ತಿಂದ. ಅಂಬು ನಮಸ್ಕಾರ ಮಾಡಿದಳು. ಚೈತ್ರದಲ್ಲಿ ಬಸವನಗುಡಿಯ ಒಂದು ಛತ್ರದಲ್ಲಿ ಮದುವೆಯಾಯಿತು. ಅವಳು ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ತಿರುಮಲೇಶರನ್ನು ನಾನು ಕೊನೆಗೂ ನೋಡಲಿಲ್ಲ. ಹೇಗಿದ್ದರೋ ಏನೋ.

ಅವಳು ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಹದಿನೈದು ದಿನ ತಡೆದುಕೊಂಡ ಅತ್ತೆ, ಒಂದು ಮಧ್ಯಾಹ್ನ ತಾವಾಗಿಯೇ, "ಪತ್ರಿಕೆಯವನಿಗೆ ಹಾಕು ಅಂತ ಹೇಳು. ನಡುವೆ ಬಿಟ್ಟಿರೋದನ್ನೂ ಯಾರ ಹತ್ರಾನಾದ್ರೂ ಇಸ್ಕೊಂಡು ಬಾ. ಇದ್ದದ್ದು ಇದ್ದ ಹಾಗೆ ಓದು," ಎಂದರು. ನಾನು ನಾಲ್ಕನೇ ಬ್ಲಾಕಿನ ತನಕ ಬಿಸಿಲಲ್ಲಿ ನಡೆದು ಹಳೆಯ ಸಂಚಿಕೆಗಳನ್ನು ತಂದೆ. ಇದ್ದದ್ದು ಇದ್ದ ಹಾಗೆ ಓದಿದೆ. ಗೌರಮ್ಮ ಬಂದರು, ಬೈರಮ್ಮ ಬಂದಳು. ಒಪ್ಪಿದ್ದ ರಾಣಿ ಮತ್ತೆ ಯಾಕೆ ತಿರುಗಿಬಿದ್ದಳು ಎಂದು ಅವರು ಕೇಳಿದಾಗ, ಆ ವಾರ ನಾನು ತಪ್ಪಾಗಿ ಓದಿದ್ದೆ ಎಂದೆ. ಅತ್ತೆ ಮತ್ತೆ ಅಳಲು ಶುರುಮಾಡಿದರು. ನನ್ನ ಚಾಪೆಯ ಅರ್ಧ ಗಂಟೆ ಮತ್ತೆ ಹೋಯಿತು.

ಆಷಾಢ ಮುಗಿಯುವ ಹೊತ್ತಿಗೆ ಅರಸೀಕೆರೆಯಿಂದ ಒಂದು ಇನ್‌ಲ್ಯಾಂಡ್ ಬಂತು. ಮಗು ನನ್ನ ಕೈಯಲ್ಲೇ ತಲೆ ಬಾಚಿಸಿಕೊಳ್ಳುತ್ತದೆ, ಅಮ್ಮ ಎಂದು ಇನ್ನೂ ಕರೆಯುವುದಿಲ್ಲ ಎಂದು ಅಂಬು ಬರೆದಿದ್ದಳು. ಇಲ್ಲಿ ವಾರಪತ್ರಿಕೆ ತರಿಸುವುದಿಲ್ಲ, ಹೆಂಗಸರಿಗೆ ಕಥೆ ಯಾಕೆ ಎನ್ನುತ್ತಾರೆ. ಕೊನೆಗೆ, ಅಂಚಿನಲ್ಲಿ ಅಡ್ಡಲಾಗಿ: "ಕೇತಕಿ ಏನಾದಳು? ಮುಗಿದ ಮೇಲೆ ಬರೆಯಿರಿ ಅತ್ತಿಗೆ. ಅದೊಂದು ತಿಳಿಯಬೇಕು."

ಅದೇ ತಿಂಗಳು ಕಥೆ ಮುಗಿಯಿತು. ಕೊನೆಯ ಕಂತು ಓದುತ್ತ ಓದುತ್ತ ನನಗೆ ಮುಂದಿನ ಸಾಲು ಮೊದಲೇ ಗೊತ್ತಾಗಿ ಹೋಯಿತು. ದೊಡ್ಡರಾಣಿ ಮಗನನ್ನು ಕರೆದಳು. ಒಪ್ಪಿದಳು. ಪಲ್ಲಕ್ಕಿ ಕಳಿಸಿ ಕೇತಕಿಯನ್ನು ಗಡಿಯಾಚೆಯಿಂದ ಕರೆಸಿಕೊಂಡಳು. ಹೊಟ್ಟೆಕಿಚ್ಚು ಎನ್ನಿ ಬೇಕಾದರೆ, ನನ್ನ ರಾಣಿ ಇವಳಿಗಿಂತ ಚೆನ್ನಾಗಿ ಮಾತಾಡಿದ್ದಳು.

ಅತ್ತೆ ಕೈ ಚಾಚಿ ಹಾಳೆಯನ್ನು ಮುಟ್ಟಿದರು. "ಅಚ್ಚಿನಲ್ಲೇ ಇದೆಯೇನೆ?"

"ಅಚ್ಚಿನಲ್ಲೇ ಇದೆ ಅತ್ತೆ."

ಆಮೇಲೆ ಅವರು ಅತ್ತ ಹಾಗೆ ನಾನು ಎಂದೂ ನೋಡಿಲ್ಲ. ಭುಜ ಕುಲುಕುತ್ತಿತ್ತು. "ಎಂಥ ದೊಡ್ಡ ಮನಸ್ಸು ಗೌರಾ. ತಾಯಿ ಅಂದ್ರೆ ಅವಳು. ಎಂಥ ದೊಡ್ಡ ಮನಸ್ಸು," ಎಂದು ಅದನ್ನೇ ಹೇಳಿದರು. ಬೈರಮ್ಮ ಮಾತ್ರ ಬುಟ್ಟಿಯ ಮೇಲೆ ನೀರು ಚಿಮುಕಿಸಿಕೊಂಡು ಎದ್ದುಹೋದಳು. ನನಗೆ ಅತ್ತೆಯ ಮೇಲೆ ಸಿಟ್ಟು ಬರಬೇಕಾಗಿತ್ತು. ಬಂತು ಕೂಡ. ಆದರೆ ಮನೆಯಲ್ಲಿ ಮದುವೆಗೆ ಇನ್ನು ಯಾರೂ ಉಳಿದಿಲ್ಲದ್ದರಿಂದ ಈಗ ಅವರು ಹೆದರಿಕೆಯಿಲ್ಲದೆ ಅಳಬಹುದು ಎನ್ನುವುದೂ ಕಾಣಿಸಿತು. ಅವರ ಮದುವೆಯಾದಾಗ ಅವರಿಗೆ ಹನ್ನೊಂದು ವರ್ಷ.

ಮುಖ ಒರೆಸಿಕೊಂಡು ಅತ್ತೆ ಹೇಳಿದರು: "ಅಂಬುಗೆ ಬರಿ. ರಾಣಿ ಒಪ್ಪಿದಳು ಅಂತ ಬರಿ. ಖುಷಿ ಪಡ್ತಾಳೆ."

ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಇನ್‌ಲ್ಯಾಂಡ್ ಇಟ್ಟುಕೊಂಡು ಕೂತೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದೆ. ಅಮ್ಮನ ಪೊರೆ ಇನ್ನೂ ಹಣ್ಣಾಗಿಲ್ಲ ಎಂದು ಬರೆದೆ. ಮುಂದಕ್ಕೆ ಕೈ ಓಡಲಿಲ್ಲ. ಪರವೂರಿನಲ್ಲಿ, ಇನ್ನೊಬ್ಬಳು ಹೆತ್ತ ಮಗುವಿಗೆ ಜಡೆ ಹೆಣೆಯುತ್ತ ಕೂತಿರುವ ಹುಡುಗಿಗೆ, ಇನ್ನಷ್ಟು ದಿನ ಕಾದರೆ ತಾಯಂದಿರು ಒಪ್ಪುತ್ತಾರೆ ಎಂದು ಹೇಗೆ ಬರೆಯಲಿ?

"ದೊಡ್ಡರಾಣಿ ಕೊನೆಯವರೆಗೂ ಒಪ್ಪಲಿಲ್ಲ ಅಂಬು," ಎಂದು ಬರೆದೆ. "ಯಾರು ಏನು ಮಾಡಿದ್ದರೂ ಒಪ್ಪುತ್ತಿರಲಿಲ್ಲ."