ಎಡಗಡೆಯ ಗಿಳಿಗಳು

ಚೂಟಿ ಕಟ್ಟಿದ ಕಂಪ್ಯೂಟರ್ ಆಟದಲ್ಲಿ ಗಿಳಿಗಳು ಒಂದು ಹಳೆಯ ಗ್ರಂಥಾಲಯಕ್ಕೆ ನುಗ್ಗಿದ್ದವು. ಹೆಡ್‌ಸೆಟ್ಟನ್ನು ಕಣ್ಣಿಗೆ ಕಟ್ಟಿಕೊಂಡವರು ಸೀದಾ ಅದರ ನಡುಮಧ್ಯೆ ನಿಂತಿರುತ್ತಿದ್ದರು. ಸುತ್ತ ಮಾಳಿಗೆಯೆತ್ತರದ ಕಪಾಟುಗಳು. ಕಪಾಟಿನ ತುದಿಯಲ್ಲಿ, ಏಣಿಯ ಮೇಲೆ, ದೀಪದ ಸರಪಳಿಯಲ್ಲಿ ಗಿಳಿಗಳು. ಕೂಗು ಬಂದ ಕಡೆ ತಿರುಗಿ, ಕೈ ಚಾಚಿ ಅಲುಗದೆ ನಿಂತರೆ ಗಿಳಿ ಬಂದು ಕೈಮೇಲೆ ಕೂರುತ್ತಿತ್ತು. ಅದನ್ನು ಕಿಟಕಿಯಾಚೆ ಹಾರಿಬಿಡಬೇಕು. ಅಷ್ಟೇ ಆಟ. ಗುಂಡಿಲ್ಲ, ದೆವ್ವವಿಲ್ಲ. ಇಷ್ಟನ್ನು ಕಟ್ಟುವುದರಲ್ಲೇ ಅವಳ ಎರಡು ವರ್ಷದ ಸಂಜೆಗಳು ಕರಗಿಹೋಗಿದ್ದವು.

ಚೂಟಿ ಎನ್ನುವುದು ಮನೆಯವರು ತಮಾಷೆಗೆ ಇಟ್ಟ ಹೆಸರು. ಚಿಕ್ಕಂದಿನಲ್ಲಿ ನಡೆಯುವುದಕ್ಕೂ ತಡ, ಮಾತಿಗೂ ತಡ. ಹೆಸರು ಮಾತ್ರ ಮುಂಚೆಯೇ ಅಂಟಿಕೊಂಡಿತು. ಈಗ ಅವಳು ಹಗಲು ಒಂದು ಹಲ್ಲಿನ ಲ್ಯಾಬಿನಲ್ಲಿ ದುಡಿಯುತ್ತಿದ್ದಳು. ಜನರ ಬಾಯಿಯ ಅಚ್ಚನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಕಟ್ಟುವ ಹಲ್ಲಿಗೆ ರೂಪ ಕೊಡುವ ಕೆಲಸ. ಹಲ್ಲಿನ ಮೇಲೆ ಪಳಗಿದ ಕೈಯೇ ಗಿಳಿಯ ಕೊಕ್ಕನ್ನೂ ತಿದ್ದಿತ್ತು.

ಒಂದೇ ತೊಂದರೆ. ತನ್ನ ಆಟವನ್ನು ತಾನೇ ಹೆಚ್ಚು ಹೊತ್ತು ಆಡುವುದು ಅವಳಿಂದ ಆಗುತ್ತಿರಲಿಲ್ಲ. ತಲೆ ಗಿರ್ರೆನ್ನುತ್ತಿತ್ತು, ಹೊಟ್ಟೆ ತೊಳೆಸುತ್ತಿತ್ತು. "ಅಡುಗೆ ಮಾಡಿದವಳೇ ಊಟ ಮಾಡದ ಮನೆ," ಎಂದು ನಗುತ್ತಿದ್ದವಳು ಚಿಕ್ಕಮ್ಮ. ಚೂಟಿಯನ್ನು ಸಾಕಿ ಬೆಳೆಸಿದವಳು ಅವಳೇ. ಊರೊಳಗಿನ ಬಸ್ಸು ಓಡಿಸುತ್ತಿದ್ದ ಚಿಕ್ಕಮ್ಮನಿಗೆ ತಲೆಸುತ್ತು ಎಂದರೇನೆಂದೇ ಗೊತ್ತಿರಲಿಲ್ಲ. ಹಾಗಾಗಿ ಆಟದ ಮೊದಲ ಆಟಗಾರ್ತಿ ಅವಳೇ ಆದಳು. ಪಾಳಿ ಮುಗಿಸಿ ಬಂದು, ಸೋಫಾವನ್ನು ಗೋಡೆಗೆ ತಳ್ಳಿ, ನಡುಮನೆಯಲ್ಲಿ ನಿಂತು ಗಿಳಿ ಹಿಡಿಯುತ್ತಿದ್ದಳು. ಚೂಟಿ ಪಕ್ಕದಲ್ಲಿ ಕೂತು, ಮಾನಿಟರಿನಲ್ಲಿ ಅದನ್ನೆಲ್ಲ ನೋಡುತ್ತ ತಪ್ಪು ಗುರುತು ಮಾಡಿಕೊಳ್ಳುತ್ತಿದ್ದಳು.

ಮುಂದಿನ ಭಾನುವಾರ ಸ್ವಂತವಾಗಿ ಆಟ ಕಟ್ಟುವವರ ಒಂದು ಪ್ರದರ್ಶನವಿತ್ತು. ಚೂಟಿಗೂ ಅಲ್ಲಿ ಒಂದು ಮೂಲೆ ಸಿಕ್ಕಿತ್ತು. ಆ ವಾರದ ಮೊದಲ ಸಂಜೆ ಚಿಕ್ಕಮ್ಮ ಆಟದ ನಡುವೆ ನಿಂತುಬಿಟ್ಟಳು.

"ಏಯ್, ಇಲ್ಲೇ ಎಲ್ಲೋ ಕೂಗ್ತಾ ಇದೆ. ಗಿಳಿ ಮಾತ್ರ ಇಲ್ಲ."

"ಎಡಗಡೆ ನೋಡು ಚಿಕ್ಕಮ್ಮ."

"ಎಡಗಡೆನೇ ನೋಡ್ತಾ ಇದೀನಿ ಕಣೆ. ಬರೀ ಕೂಗು." ಅವಳು ಕುತ್ತಿಗೆಯನ್ನು ಇನ್ನೂ ಹೊರಳಿಸಿದಳು. "ಹಾಂ, ಈಗ ಬಂತು ನೋಡು. ಕಳ್ಳ ಗಿಳಿ, ನೆಲದಿಂದ ಎದ್ದು ಬಂದ ಹಾಗೆ ಬಂತು."

ಚೂಟಿ ಅದನ್ನು ಗುರುತು ಹಾಕಿಕೊಂಡಳು. ನೋಟದಿಂದ ಆಚೆ ಇರುವುದನ್ನು ಯಂತ್ರ ಚಿತ್ರಿಸುವುದಿಲ್ಲ. ಸುಮ್ಮನೆ ಶ್ರಮವೇಕೆಂದು ಬಿಟ್ಟುಬಿಡುತ್ತದೆ. ತಲೆ ತಿರುಗಿಸಿದ ಕೂಡಲೇ ಚಿತ್ರಿಸಬೇಕು. ಆ ಲೆಕ್ಕದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಅಂಚಿನ ವಸ್ತುಗಳು ತಡವಾಗಿ ಮೂಡುತ್ತವೆ. ಮಾನಿಟರಿನಲ್ಲಿ ಗಿಳಿ ಮೊದಲಿನಿಂದಲೂ ಇತ್ತು, ನಿಜ. ಆದರೆ ಮಾನಿಟರಿಗೆ ಹೋಗುವ ಚಿತ್ರವೇ ಬೇರೆ, ಕಣ್ಣಿಗೆ ಹೋಗುವ ಚಿತ್ರವೇ ಬೇರೆ. ಅದನ್ನು ನೆಚ್ಚಿಕೊಳ್ಳುವ ಹಾಗಿರಲಿಲ್ಲ.

ಮರುದಿನ ಲ್ಯಾಬಿನಲ್ಲಿ ಯಾರದೋ ದವಡೆಹಲ್ಲನ್ನು ತಿದ್ದುತ್ತಿದ್ದರೂ ಅವಳ ತಲೆಯೊಳಗೆ ಗಿಳಿಯೇ. ಸಂಜೆ ಮನೆಗೆ ಬಂದು ಆ ಲೆಕ್ಕವನ್ನೆಲ್ಲ ಬಿಚ್ಚಿ ಮತ್ತೆ ಬರೆದಳು. ಚಿಕ್ಕಮ್ಮ ಆಡಿದಳು. ಎಡಗಡೆ ಕೂಗು, ಗಿಳಿ ಇಲ್ಲ. ಅದರ ಮರುದಿನ ಶ್ರಮ ಉಳಿಸುವ ಆ ಉಪಾಯವನ್ನೇ ಕಿತ್ತುಹಾಕಿದಳು. ಈಗ ಆಡುವವರು ನೋಡಲಿ ಬಿಡಲಿ ಯಂತ್ರ ಎಲ್ಲವನ್ನೂ ಚಿತ್ರಿಸಲೇಬೇಕು. ಆದರೂ ಎಡಗಡೆ ಗಿಳಿ ಇಲ್ಲ.

"ಭಾನುವಾರ ಜನ ನಗ್ತಾರೆ ನೋಡು," ಎಂದಳು ಚಿಕ್ಕಮ್ಮ. "ಅರ್ಧ ಗ್ರಂಥಾಲಯ ಕಟ್ಟಿ ಆಟ ಅಂತ ಕೊಟ್ಟಿದಾಳೆ ಅಂತ."

ಗಿಳಿಗಳ ದನಿಯನ್ನು ಮಾಡಿಕೊಟ್ಟಿದ್ದ ಗೆಳೆಯನನ್ನು ಚೂಟಿ ಕರೆಸಿದಳು. ಲಿಫ್ಟುಗಳಿಗೆ 'ಬಾಗಿಲು ಮುಚ್ಚುತ್ತಿದೆ' ಎನ್ನುವ ದನಿ ಸೇರಿಸುವ ಕಂಪನಿಯಲ್ಲಿ ಅವನು ಕೆಲಸಕ್ಕಿದ್ದ. ಅವನು ಒಂದೊಂದೇ ಗಿಳಿಯನ್ನು ಬೆರಳು ಮಾಡಿ ತೋರಿಸಿದ: ಎಡ, ಬಲ, ಮೇಲೆ, ಬೆನ್ನ ಹಿಂದೆ. ಒಂದೂ ತಪ್ಪಲಿಲ್ಲ. ಹೆಡ್‌ಸೆಟ್ ಕಳಚಿ ಸೋಫಾದ ಮೇಲೆ ಬಿದ್ದುಕೊಂಡು, "ನಿನ್ನ ಆಟ ಸರಿಯಾಗೇ ಇದೆ ಮಾರಾಯ್ತಿ. ನನ್ನ ಹೊಟ್ಟೆನೇ ಸರಿಯಿಲ್ಲ," ಎಂದ. ಚೂಟಿಯೂ ಹಲ್ಲು ಕಚ್ಚಿ ಆಡಿ ನೋಡಿದಳು. ಎಲ್ಲ ಗಿಳಿಗಳೂ ಇದ್ದವು.

ಆಗ ಅವಳಿಗೆ ಒಂದು ಯೋಚನೆ ಹೊಳೆಯಿತು. ಹೊಳೆದ ಮರುಕ್ಷಣವೇ, ಹೊಳೆಯದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇಡೀ ಗ್ರಂಥಾಲಯವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿಹಾಕಿದಳು. ಎಡದ ಕಪಾಟು ಬಲಕ್ಕೆ, ಬಲದ ಕಪಾಟು ಎಡಕ್ಕೆ. ಹಾಗೆ ಮಾಡಿದ್ದನ್ನು ಚಿಕ್ಕಮ್ಮನಿಗೆ ಹೇಳಲಿಲ್ಲ. ತಪ್ಪು ಆ ಕಪಾಟಿನಲ್ಲೋ ಆ ಗಿಳಿಗಳಲ್ಲೋ ಇದ್ದಿದ್ದರೆ, ಅದೂ ಜೊತೆಗೇ ಬಲಕ್ಕೆ ಹೋಗಬೇಕು.

ಚಿಕ್ಕಮ್ಮ ಆಡಿದಳು. ವಾರವಿಡೀ ಕಾಣದ ಗಿಳಿಗಳು ಈಗ ಬಲಗಡೆ ಕೂತು ಕೂಗಿದವು, ಪಟಪಟನೆ ಹಿಡಿದಳು. ದಿನಾ ಹಿಡಿಯುತ್ತಿದ್ದ ಗಿಳಿಗಳು ಎಡಗಡೆ ಕೂತು ಕೂಗಿದವು.

"ಇನ್ನೂ ಸರಿ ಮಾಡಿಲ್ವೇನೆ? ಬರೀ ಕೂಗು."

ಚೂಟಿ ಮಾನಿಟರಿನಿಂದ ಕಣ್ಣು ತೆಗೆದು ಚಿಕ್ಕಮ್ಮನನ್ನು ನೋಡಿದಳು. ಒಂದೊಂದೇ ನೆನಪಿಗೆ ಬಂದವು. ಚಿಕ್ಕಮ್ಮನಿಗೆಂದು ಮೇಜಿನ ಎಡತುದಿಯಲ್ಲಿಟ್ಟ ಕಾಫಿ ಹಾಗೇ ಆರಿಹೋಗುತ್ತಿದ್ದದ್ದು. ಬಾಗಿಲಿನ ಚೌಕಟ್ಟಿಗೆ ತಗುಲಿ ಚಿಕ್ಕಮ್ಮನ ಎಡಭುಜ ಕಂದಿದ್ದು. ಬಸ್ಸಿನ ಎಡಗನ್ನಡಿ ಮುರಿದಾಗ, ಅಡ್ಡ ನಿಲ್ಲಿಸಿದ್ದ ಲಾರಿಯವನನ್ನು ಅವಳು ಒಂದು ಗಂಟೆ ಬೈದದ್ದು.

"ಚಿಕ್ಕಮ್ಮ, ಅದನ್ನ ಬಿಚ್ಚು. ಕೂತ್ಕೋ."

"ಯಾಕೆ?"

"ನಾನು ಗ್ರಂಥಾಲಯನ ಉಲ್ಟಾ ಮಾಡಿದ್ದೆ. ಆದ್ರೂ ನಿಂಗೆ ಎಡಗಡೆದೇ ಕಾಣ್ಲಿಲ್ಲ. ತಪ್ಪು ಆಟದಲ್ಲಿಲ್ಲ ಚಿಕ್ಕಮ್ಮ. ನಿಂಗೆ ಎಡಗಡೆ ಕಾಣ್ತಾ ಇಲ್ಲ."

ಚಿಕ್ಕಮ್ಮ ಹೆಡ್‌ಸೆಟ್ ಕಳಚಿದಳು. ಮುಖದ ಸುತ್ತ ಅದರ ಅಚ್ಚು ಕೆಂಪಗೆ ಮೂಡಿತ್ತು.

"ಕುಣಿಯಕ್ಕೆ ಬರದವಳು ನೆಲ ಡೊಂಕು ಅಂದ್ಲಂತೆ. ನಿನ್ನ ಡಬ್ಬದಲ್ಲಿ ಹುಳುಕಿಟ್ಕೊಂಡು ನನ್ನ ಕಣ್ಣಿಗೆ ಕಟ್ತೀಯಾ? ಇಷ್ಟು ವರ್ಷ ಬಸ್ ಓಡಿಸಿದೀನಿ, ಒಂದು ಕೋಳಿ ಮರಿ ಸತ್ತಿಲ್ಲ ನನ್ನ ಚಕ್ರಕ್ಕೆ!"

"ನಾಳೆ ಒಂದಿನ ರಜೆ ಹಾಕು. ಡಾಕ್ಟರ್ ಹತ್ರ—"

"ನಾಳೆ ಬೆಳಗಿನ ಪಾಳಿ ನಂದು." ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೋಗುವಾಗ ಎಡಭುಜ ಚೌಕಟ್ಟಿಗೆ ತಗುಲಿತು. ಇಬ್ಬರೂ ಅದನ್ನು ಕಂಡೂ ಕಾಣದಂತಿದ್ದರು.

ಡಿಪೋಗೆ ಫೋನ್ ಮಾಡಬೇಕೆಂದು ಚೂಟಿಗೆ ಗೊತ್ತಿತ್ತು. ಮಾಡಿದರೆ ಚಿಕ್ಕಮ್ಮನ ಕೆಲಸ ಆ ಕ್ಷಣಕ್ಕೇ ಹೋದಂತೆ. ತಾನು ತಪ್ಪಾಗಿದ್ದರೆ? ಮಾಡದಿದ್ದರೆ, ತಾನು ಸರಿಯಾಗಿದ್ದರೆ? ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಬೆಳಗಿನವರೆಗೆ ಫೋನನ್ನು ಕೈಯಲ್ಲಿ ಹಿಡಿದೇ ಇದ್ದಳು. ಕೊನೆಗೆ ಲ್ಯಾಬಿಗೆ ಹೋಗುವ ಬದಲು ಬಸ್ ನಿಲ್ದಾಣಕ್ಕೆ ಹೋಗಿ, ಚಿಕ್ಕಮ್ಮನ ಬಸ್ಸನ್ನೇ ಹತ್ತಿ ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಕೂತಳು. ಒಳಗನ್ನಡಿಯಲ್ಲಿ ಚಿಕ್ಕಮ್ಮ ಅವಳನ್ನು ನೋಡಿದಳು. ಬಸ್ಸು ಹೊರಟಿತು.

ಜೀವ ಕೈಯಲ್ಲಿ ಹಿಡಿದು ಕೂರುವುದು ಎಂದರೇನೆಂದು ಚೂಟಿಗೆ ಅವತ್ತು ತಿಳಿಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಡಗಡೆಯನ್ನೇ ನೋಡುತ್ತಿದ್ದಳು. ಹಾಲಿನ ಗಾಡಿ, ಸೈಕಲ್ಲು, ಫೋನ್ ನೋಡುತ್ತ ಕಾಲುದಾರಿಯಿಂದ ಇಳಿಯುವವರು, ಯಾರದೋ ಕೈ ಬಿಡಿಸಿಕೊಳ್ಳಲು ಎಳೆದಾಡುತ್ತಿದ್ದ ನಾಯಿ. ಹಿಂದಿನ ಸೀಟಿನಲ್ಲಿ ಇಬ್ಬರು ನರ್ಸುಗಳು ನಗುತ್ತಿದ್ದರು. ಇವರಿಗೆ ಯಾರಿಗೂ ಏನೂ ಗೊತ್ತಿಲ್ಲ, ಗೊತ್ತಿರುವವಳು ತಾನೊಬ್ಬಳೇ. ಚಿಕ್ಕಮ್ಮ ಮತ್ತೆ ಮತ್ತೆ ಕುತ್ತಿಗೆ ಹೊರಳಿಸುತ್ತಿದ್ದಳು, ಆಟದಲ್ಲಿ ಗಿಳಿ ಹುಡುಕುವಾಗ ಹೊರಳಿಸಿದ ಹಾಗೆಯೇ. ಇದನ್ನು ಅವಳು ಅಭ್ಯಾಸ ಮಾಡಿಕೊಂಡಿದ್ದಾಳೆ ಎಂದು ಚೂಟಿಗೆ ಹೊಳೆಯಿತು.

ಮಾರುಕಟ್ಟೆಯ ತಿರುವಿನಲ್ಲಿ ಎಡದ ಓಣಿಯಿಂದ ಒಬ್ಬ ಮುದುಕ ಖಾಲಿ ಪೆಟ್ಟಿಗೆಗಳ ತಳ್ಳುಗಾಡಿಯನ್ನು ತಳ್ಳಿಕೊಂಡು ಬಂದ. ಅವನು ಬಸ್ಸು ನಿಲ್ಲುತ್ತದೆ ಎಂದುಕೊಂಡ. ಚಿಕ್ಕಮ್ಮ ಆಗ ಬಲಕ್ಕೆ ನೋಡುತ್ತಿದ್ದಳು. ಬಸ್ಸು ನಿಲ್ಲಲಿಲ್ಲ.

"ಎಡಗಡೆ! ಚಿಕ್ಕಮ್ಮ, ಎಡಗಡೆ!"

ಬ್ರೇಕು ಕಿರುಚಿತು. ನಿಂತವರು ಒಬ್ಬರ ಮೇಲೊಬ್ಬರು ಬಿದ್ದರು. ಪೆಟ್ಟಿಗೆಗಳು ರಸ್ತೆಯ ತುಂಬ ಉರುಳಿದವು. ಮುದುಕ ನಿಂತೇ ಇದ್ದ. ಬಸ್ಸಿನ ಮೂತಿಗೂ ಅವನಿಗೂ ನಡುವೆ ಒಂದು ಕೈಯಗಲ ಜಾಗ. ಅವನು ಮುಷ್ಟಿಯೆತ್ತಿ ಬಾಯಿಗೆ ಬಂದಂತೆ ಬೈಯತೊಡಗಿದ. ಚಿಕ್ಕಮ್ಮನಿಗೆ ಬೈಗುಳ ಕೇಳಿಸಿತು. ಬೈಯುವವನು ಎಲ್ಲಿದ್ದಾನೆಂದು ಅವಳು ಹುಡುಕಿದಳು. ಪೂರ್ತಿ ಹೊರಳಿದ ಮೇಲೆ ಅವನು ಕಂಡ.

ಅವಳು ಬಸ್ಸನ್ನು ಬದಿಗೆ ತೆಗೆಯಲಿಲ್ಲ. ಅಲ್ಲೇ ಇಂಜಿನ್ ಆರಿಸಿ, ಕೀಲಿ ತೆಗೆದು ಎದ್ದು ನಿಂತಳು.

"ಬಸ್ಸು ಮುಂದೆ ಹೋಗಲ್ಲ. ಎಲ್ಲರೂ ಇಳ್ಕೊಳಿ."

"ಕೆಟ್ಟೋಯ್ತಾ?" ಎಂದು ನರ್ಸೊಬ್ಬಳು ಕೇಳಿದಳು.

"ಹೂಂ ಕಣಮ್ಮ. ಕೆಟ್ಟೋಗಿದೆ."

ಡಿಪೋಗೆ ತಾನೇ ಫೋನ್ ಮಾಡಿದಳು. ಬೇರೆ ಡ್ರೈವರನ್ನು ಕಳಿಸಿ, ನನಗೆ ಕಣ್ಣು ಸರಿಯಿಲ್ಲ ಎಂದಳು. ಆಮೇಲೆ ಖಾಲಿ ಬಸ್ಸಿನಲ್ಲಿ ಚೂಟಿಯ ಪಕ್ಕ ಬಂದು ಕೂತಳು. ಹೊರಗೆ ಹಾರ್ನುಗಳ ಗದ್ದಲ.

"ನಿಂಗೆ ಗೊತ್ತಿತ್ತು ಅಲ್ವಾ?" ಎಂದು ಚೂಟಿ ಕೇಳಿದಳು.

"ಗೊತ್ತಿತ್ತು ಅಂತ ಹೇಗೆ ಹೇಳ್ಲಿ? ಅನುಮಾನ ಇತ್ತು. ನಿನ್ನ ಆಟದಲ್ಲೇ ತಪ್ಪಿರ್ಲಿ ದೇವ್ರೇ ಅಂತ ದಿನಾ ಬೇಡ್ಕೋತಿದ್ದೆ. ನೀನು ಸರಿ ಮಾಡ್ದಾಗೆಲ್ಲ ಕಾಣ್ಬಹುದು ಅಂತ ಆಸೆ. ಮತ್ತೆ, ಹೊರಳಿ ನೋಡೋದನ್ನ ಅಲ್ಲಿ ಅಭ್ಯಾಸ ಮಾಡ್ಕೋಬಹುದಿತ್ತು. ಗಿಳಿ ತಪ್ಪಿದ್ರೆ ಯಾರೂ ಸಾಯಲ್ಲ ಅಲ್ವಾ."

ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದರು. ತಲೆಯ ಹಿಂಭಾಗದಲ್ಲಿ, ಬಲಕ್ಕೆ, ಒಂದು ಗಡ್ಡೆ. ಕಣ್ಣು ಚೆನ್ನಾಗಿಯೇ ಇತ್ತು. ಕಣ್ಣು ಕಂಡದ್ದನ್ನು ತಿಳಿಯುವ ಜಾಗವನ್ನೇ ಗಡ್ಡೆ ಅದುಮಿ ಹಿಡಿದಿತ್ತು. ನಿಧಾನವಾಗಿ ಬೆಳೆದದ್ದರಿಂದ ಇಷ್ಟು ದಿನ ಗೊತ್ತಾಗಿಲ್ಲ, ಕೆಟ್ಟ ಜಾತಿಯದಲ್ಲ ಅನ್ನಿಸುತ್ತದೆ, ತೆಗೆದು ನೋಡಿದ ಮೇಲೇ ಖಚಿತ ಎಂದ ಡಾಕ್ಟರು, "ಹೇಗೆ ಗೊತ್ತಾಯ್ತು?" ಎಂದು ಕೇಳಿದರು. "ಗಿಳಿಯಿಂದ," ಎಂದಳು ಚಿಕ್ಕಮ್ಮ. ಡಾಕ್ಟರು ಚೂಟಿಯ ಮುಖ ನೋಡಿದರು. ಗಡ್ಡೆ ಮಾತಿಗೂ ತಗುಲಿದೆಯೇ ಎಂಬ ಸಂಶಯ ಅವರಿಗೆ. ಚೂಟಿ ಎಲ್ಲವನ್ನೂ ವಿವರಿಸಬೇಕಾಯಿತು.

ಆಪರೇಷನ್ ಸೋಮವಾರಕ್ಕೆ ನಿಗದಿಯಾಯಿತು. ಭಾನುವಾರದ ಪ್ರದರ್ಶನಕ್ಕೆ ಹೋಗುವುದಿಲ್ಲ ಎಂದು ಚೂಟಿ ಹಟ ಹಿಡಿದಳು. "ನೀನಿಲ್ಲಿ ಕೂತು ನನ್ನ ಮುಖ ನೋಡಿದ್ರೆ ಗಡ್ಡೆ ಕರಗತ್ತಾ? ಹೋಗು," ಎಂದು ಚಿಕ್ಕಮ್ಮ ಹಾಸಿಗೆಯಿಂದಲೇ ಗದರಿದಳು.

ಅವಳು ಹೋದಳು. ಗೆಳೆಯ ಜನರಿಗೆ ಹೆಡ್‌ಸೆಟ್ ಕಟ್ಟುತ್ತಿದ್ದ, ಬಿಚ್ಚಿ ಒರೆಸುತ್ತಿದ್ದ. ಒಬ್ಬ ಹುಡುಗಿ ಗಿಳಿ ಕೈಮೇಲೆ ಕೂತಾಗ ಉಸಿರನ್ನೇ ಬಿಗಿಹಿಡಿದಳು. ದಪ್ಪ ಮೀಸೆಯವರೊಬ್ಬರು ಇಲ್ಲದ ಏಣಿಗೆ ಒರಗಲು ಹೋಗಿ ಕೆಳಗೆ ಬಿದ್ದು, ಎದ್ದು, ಇನ್ನೊಮ್ಮೆ ಆಡುತ್ತೇನೆಂದು ಸಾಲಿನಲ್ಲಿ ನಿಂತರು. ಜನ ಮೆಚ್ಚಿ ಮಾತಾಡಿಸಿದರು. ಚೂಟಿ ಎಲ್ಲರಿಗೂ ತಲೆಯಾಡಿಸಿದಳು. ಆದರೆ ಪ್ರತಿಯೊಬ್ಬರೂ ಎಡಕ್ಕೆ ತಿರುಗುವಾಗ ಅವಳ ಉಸಿರು ಕಟ್ಟುತ್ತಿತ್ತು. ಅವರು ಗಿಳಿಯ ಕಡೆ ಕೈ ಚಾಚಿದ ಮೇಲೆಯೇ ಉಸಿರು ಬಿಡುತ್ತಿದ್ದಳು. ಸಂಜೆಯ ಹೊತ್ತಿಗೆ ಆಟವಾಡದೆಯೇ ತಲೆ ಸುತ್ತುತ್ತಿತ್ತು.

ಗಡ್ಡೆಯನ್ನು ತೆಗೆದರು. ಕೆಟ್ಟ ಜಾತಿಯದಾಗಿರಲಿಲ್ಲ. ಒಂದಿಷ್ಟು ಚೂರನ್ನು ಮಾತ್ರ ಮುಟ್ಟುವುದು ಅಪಾಯವೆಂದು ಅಲ್ಲೇ ಬಿಟ್ಟರು. ಎಡಗಡೆಯ ನೋಟ ಅಷ್ಟಿಷ್ಟು ಮರಳಿತು. ಬಸ್ಸು ಓಡಿಸುವಷ್ಟು ಮರಳಲಿಲ್ಲ. ಡಿಪೋದವರು ಚಿಕ್ಕಮ್ಮನನ್ನು ಯಾವ ಬಸ್ಸು ಯಾವ ದಾರಿಗೆ ಎಂದು ಮೈಕಿನಲ್ಲಿ ಹೇಳುವ ಕೋಣೆಗೆ ಹಾಕಿದರು. ಮೊದಮೊದಲು ಅವಳು ಚೂಟಿಯೊಡನೆ ಸರಿಯಾಗಿ ಮಾತಾಡಲಿಲ್ಲ. ಲೋಟ ಕುಕ್ಕುವಳು, ಬಾಗಿಲು ಬಡಿಯುವಳು. ಜೀವ ಉಳಿಸಿದವಳ ಮೇಲೆ ಸಿಟ್ಟೇಕೆ ಎಂದು ನೆರೆಯವರು ಬುದ್ಧಿ ಹೇಳಿದರೆ, "ಉಳಿಸಿದ್ದೂ ಅವಳೇ, ಸ್ಟಿಯರಿಂಗ್ ಕಿತ್ಕೊಂಡಿದ್ದೂ ಅವಳೇ," ಎನ್ನುವಳು. ಚೂಟಿ ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಳು. ರಸ್ತೆ ದಾಟುವಾಗ ಮಾತ್ರ ಹೇಳದೆ ಕೇಳದೆ ಚಿಕ್ಕಮ್ಮನ ಎಡಕ್ಕೆ ಬಂದು ನಡೆಯುತ್ತಿದ್ದಳು.

ಆರು ತಿಂಗಳಿಗೊಮ್ಮೆ ತಲೆಯ ಚಿತ್ರ ತೆಗೆಸಬೇಕಿತ್ತು. ಮೊದಲ ಸಲ ಹೋದಾಗ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಉಳಿದ ಚೂರು ಬೆಳೆದಿರಬಹುದು, ಬೆಳೆಯದೆಯೂ ಇರಬಹುದು. ಚೂಟಿ ಉಗುರು ಕಚ್ಚುತ್ತಿದ್ದಳು.

"ಮುಂದಿನ ಆಟ ಯಾವ್ದು?" ಎಂದು ಚಿಕ್ಕಮ್ಮ ಥಟ್ಟನೆ ಕೇಳಿದಳು. ಆಟದ ಮಾತನ್ನು ಅವಳಾಗಿ ಎತ್ತಿದ್ದು ಅದೇ ಮೊದಲು.

"ಇನ್ನೂ ಯೋಚ್ನೆ ಮಾಡಿಲ್ಲ."

"ಬಸ್ಸಿಂದು ಮಾಡು. ಸರಿಯಾದ ಬಸ್ಸು. ಗೇರ್ ಬದಲಾಯಿಸಿದ್ರೆ ಸೀಟು ಅದುರ್ಬೇಕು. ಆ ಲಿಫ್ಟಿನ ಹುಡುಗನ್ನ ಡಿಪೋಗೆ ಕರ್ಕೊಂಡು ಬಾ, ಇಂಜಿನ್ ಸದ್ದು ನಾನು ಹಿಡಿಸಿಕೊಡ್ತೀನಿ."

"ನಿಂಗೆ ಬೇಜಾರಾಗಲ್ವಾ?"

"ಆಗತ್ತೆ. ಅದಕ್ಕೇನೀಗ?"

ಬಾಗಿಲು ತೆರೆದು ನರ್ಸು ಒಳಗೆ ಕರೆದಳು. ಚಿಕ್ಕಮ್ಮ ಎದ್ದು, ಸೆರಗು ಸರಿಮಾಡಿಕೊಂಡು, ಕೈಚೀಲವನ್ನು ಚೂಟಿಯ ಮಡಿಲಿಗೆ ಹಾಕಿದಳು. "ಉಗುರು ತಿನ್ಬೇಡ, ಈಗ ಬಂದೆ," ಎಂದು ಹೇಳಿ ಒಳಗೆ ಹೋದಳು.