ಹಬೆಯಕ್ಕನ ಮಂಡಿ

"ಇನ್ನೊಂಚೂರು ಒತ್ತಿದ್ರೆ ಕೂತ್ಕೊಳತ್ತೆ," ಎನ್ನುತ್ತ ಪೆಟ್ಟಿಗೆಯವನು ಸತ್ತವಳ ಬಲಮಂಡಿಯ ಮೇಲೆ ಎರಡೂ ಅಂಗೈ ಊರಿ ಮೈಭಾರವನ್ನೆಲ್ಲ ಬಿಟ್ಟ. ಒಳಗೆಲ್ಲೋ ಕಟಕ್ ಎಂದಿತು.

"ತೆಗಿ ಕೈ!"

ಮಗಳು ಬಸ್ ಕಂಡಕ್ಟರು. ಆಸ್ಪತ್ರೆಯಿಂದ ಫೋನ್ ಬಂದಾಗ ಡ್ಯೂಟಿಯಲ್ಲಿದ್ದವಳು ಇನ್ನೂ ಯೂನಿಫಾರಮ್ಮಿನಲ್ಲೇ ಇದ್ದಳು. ಆ ದನಿಗೆ ಪೆಟ್ಟಿಗೆಯವನು ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ಒತ್ತಿಸಿಕೊಂಡಿದ್ದ ಮಂಡಿ ನಿಧಾನವಾಗಿ ಎದ್ದು ಮೊದಲಿದ್ದಲ್ಲೇ ಬಂದು ನಿಂತಿತು. ಪೆಟ್ಟಿಗೆಯ ಅಂಚಿಗಿಂತ ಒಂದು ಗೇಣು ಮೇಲೆ.

"ನನ್ನ ಬಯ್ದು ಏನು ಪ್ರಯೋಜನಮ್ಮಾ? ಪೆಟ್ಟಿಗೆಗೆ ಅಂತ ಒಂದು ಅಳತೆ ಇರತ್ತೆ. ಮುಚ್ಚಳ ಕೂರ್ಬೇಕಲ್ವಾ?"

"ನಿನ್ನ ಮುಚ್ಚಳ ಕೂರ್ಲಿ ಅಂತ ನಮ್ಮಮ್ಮನ ಕಾಲು ಮುರೀತೀಯಾ?"

"ಸತ್ತೋರಿಗೆ ನೋವಾಗಲ್ಲ ಕಣೇ," ಎಂದರು ಗೋಡೆಗೆ ಒರಗಿದ್ದ ಚಿಕ್ಕಪ್ಪ. ದರ್ಜಿ ಕೆಲಸದ ಮನುಷ್ಯ. ಯಾವುದೂ ಅಳತೆಗೆ ಕೂರದಿದ್ದರೆ ಅವರಿಗೆ ಕಸಿವಿಸಿ.

"ಬದುಕಿದ್ದಾಗ್ಲೂ ಅದನ್ನೇ ಅಂತಿದ್ರಿ ಚಿಕ್ಕಪ್ಪಾ. ಅಷ್ಟೇನೂ ನೋವಾಗಲ್ಲ ಅಂತ."

"ಮಗ್ಗುಲಿಗೆ ಮಲಗಿಸಿದ್ರೆ?" ಬಾಗಿಲ ಬಳಿಯಿಂದ ಪಕ್ಕದ ಮನೆಯಾಕೆ ಕೇಳಿದಳು.

"ಅಗಲ ಸಾಲಲ್ಲ," ಎಂದ ಪೆಟ್ಟಿಗೆಯವನು.

ಚಿಕ್ಕಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಯಾರಿಗೋ ಪಿಸುಗುಡುತ್ತಿದ್ದರು. ಅವರ ಪಿಸುಮಾತು ಬೀದಿಗೆ ಕೇಳುವಂಥದು. "ತನ್ನ ಕೈಯಾರೆ ಮಾಡ್ಕೊಂಡಿದ್ದು ಕಣ್ರೀ. ಕದ್ದು ಕದ್ದು ನೋವಿನ ಮಾತ್ರೆ ನುಂಗ್ತಿದ್ಲಂತೆ. ಕಿಡ್ನಿ ಎರಡೂ ಹೋಗಿದ್ದು ಅದ್ರಿಂದ್ಲೇ ಅಂತ ಡಾಕ್ಟರೇ ಅಂದ್ರಂತೆ. ಕೇಳಿದ್ರೆ ಇಲ್ಲ ಅಂತ ಆಣೆ ಬೇರೆ. ಪಾಪ, ಸತ್ತೋಳ ಮೇಲೆ ಯಾಕೆ ಹೇಳ್ಲಿ!"

ಹೇಳಿ ಮುಗಿಸಿಯೇ 'ಯಾಕೆ ಹೇಳ್ಲಿ' ಎಂದರು.

ಮಗಳಿಗೆ ಉರಿದದ್ದು ಅಲ್ಲಿ. ಮಾತು ಸುಳ್ಳಾಗಿದ್ದರೆ ಚಿಕ್ಕಮ್ಮನ ಬಾಯಿ ಮುಚ್ಚಿಸಬಹುದಿತ್ತು. ಡಾಕ್ಟರು ಹಾಗೆ ಹೇಳಿದ್ದು ನಿಜ. ಅಮ್ಮ ಆಣೆ ಮಾಡಿದ್ದೂ ನಿಜ. ಎರಡರಲ್ಲಿ ಒಂದು ಸುಳ್ಳಾಗಲೇಬೇಕಿತ್ತು, ಮತ್ತು ಇನ್ನು ಸ್ವಲ್ಪ ಹೊತ್ತಿಗೆ ಅಮ್ಮ ಸುಳ್ಳಿಯಾಗಿಯೇ ಮಣ್ಣಿಗೆ ಹೋಗಲಿದ್ದಳು.

ಹೊರಗೆ ವ್ಯಾನಿನ ಹಾರ್ನ್ ಕೇಳಿತು.

*

ಅಮ್ಮ ಕೆಲಸ ಮಾಡುತ್ತಿದ್ದದ್ದು ಊರಿನ ಹೋಟೆಲು, ಆಸ್ಪತ್ರೆಗಳ ಬಟ್ಟೆಯೆಲ್ಲ ಬಂದು ಬೀಳುವ ದೊಡ್ಡ ಲಾಂಡ್ರಿಯಲ್ಲಿ. ಇಸ್ತ್ರಿ ವಿಭಾಗದಲ್ಲಿ ಸಾಲಾಗಿ ಹಬೆಯ ಪ್ರೆಸ್ಸುಗಳು. ಮೇಜಿನ ಮೇಲೆ ಬಟ್ಟೆ ಹರಡಿ ಬಲಗಾಲಲ್ಲಿ ಪೆಡಲ್ ಒತ್ತಿದರೆ ಕಾದ ಮುಚ್ಚಳ ಕೆಳಗಿಳಿಯುತ್ತದೆ. ಹಬೆ ಬುಸ್ಸೆಂದು ಬಿಡುವವರೆಗೆ ಒತ್ತಿಯೇ ಹಿಡಿಯಬೇಕು. ಕೂತು ಒತ್ತಿದರೆ ಭಾರ ಸಾಲದು. ಹಾಗಾಗಿ ಅಲ್ಲಿ ಸ್ಟೂಲ್ ಎಂಬ ವಸ್ತುವೇ ಇರಲಿಲ್ಲ. ಎಡಗಾಲ ಮೇಲೆ ನಿಲ್ಲು, ಬಲಗಾಲಲ್ಲಿ ಒತ್ತು, ಬಿಡು, ಒತ್ತು. ಹಬೆ ಮೊದಲು ಬರುವ ಮೊದಲ ಪ್ರೆಸ್ಸಿನವಳಾದ್ದರಿಂದ ಅಮ್ಮ ಅಲ್ಲಿ ಹಬೆಯಕ್ಕ. ಎರಡನೆಯ ಪ್ರೆಸ್ಸಿನವಳು ಬಾಯಕ್ಕ, ಯಾಕೆಂದು ಕೇಳಬೇಕಾದ್ದಿಲ್ಲ.

ಮಂಡಿ ಮೊದಲು ಸದ್ದು ಮಾಡಿತು, ಆಮೇಲೆ ಊದಿಕೊಂಡಿತು, ಆಮೇಲೆ ನೆಟ್ಟಗಾಗುವುದನ್ನೇ ಮರೆಯಿತು. ಕಂಡವರೆಲ್ಲ ವೈದ್ಯರಾದರು. ಎಣ್ಣೆ ತಿಕ್ಕು ಎಂದರು, ಮರಳಿನ ಶಾಖ ಕೊಡು ಎಂದರು, ಪಟ್ಟಿ ಬಿಗಿ ಎಂದರು. ಮೂಳೆ ಕಟ್ಟುವವನೊಬ್ಬ ಮಂಡಿಯ ಮೇಲೆ ಹತ್ತಿ ಕೂತೇ ಬಿಟ್ಟ. ವ್ಯಾಯಾಮ ಹೇಳಿಕೊಡುವವಳು, "ದಿನಾ ಕಾಲು ಚಾಚಿ ಮೇಲೆತ್ತಿ ಹಿಡೀರಿ, ತೂಕ ಇಳಿಸಿ, ಮುಖ್ಯವಾಗಿ ಹೆಚ್ಚು ಹೊತ್ತು ನಿಲ್ಲಬೇಡಿ," ಎಂದಳು. ಅವಳು ಹೇಳಿದ್ದೇ ಎಲ್ಲಕ್ಕಿಂತ ಸರಿಯಾದ ಮಾತು. ಆದರೆ ನಿಲ್ಲದಿರುವುದಕ್ಕೆ ರಜೆ ಕೊಡುವ ಅಧಿಕಾರ ಅವಳಿಗಿರಲಿಲ್ಲ.

ಮಗಳ ಬಸ್ಸು ದಿನವೂ ದಾಟುವ ವೃತ್ತದಲ್ಲಿ ಹೊಸ ಕ್ಲಿನಿಕ್ಕಿನ ಬೋರ್ಡು ಎದ್ದಿತು: 'ನಿಮ್ಮ ಮಂಡಿ ಮತ್ತೆ ಚಿಗುರಲಿ.'

"ಒಣಗಿದ ಕೊಂಬೆ ಎಲ್ಲಾದ್ರೂ ಚಿಗುರತ್ತೇನೇ?" ಎಂದಿದ್ದಳು ಹಬೆಯಕ್ಕ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋಳು ನಾನಲ್ಲ. ಕೇಳ್ಕೊಂಡಾದ್ರೂ ಬರೋಣ ಬಾ."

ಒಳಗಿದ್ದ ಡಾಕ್ಟರು ಮಗಳಿಗಿಂತ ಚಿಕ್ಕವಳು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಮಂಡಿಯ ಸಂದಿಗೆ ಬೆರಳಿಟ್ಟು ತೋರಿಸಿದಳು. "ಎರಡು ಎಲುಬಿನ ಮಧ್ಯೆ ಒಂದು ಮೆತ್ತೆ ಇರ್ಬೇಕಿತ್ತಮ್ಮಾ. ನಿಮ್ಮದು ಪೂರ್ತಿ ಸವೆದುಹೋಗಿದೆ."

"ಆ ಚಿಗುರೋ ಇಂಜೆಕ್ಷನ್ನು?"

"ಎರಡು ಥರ ಇದೆ. ಒಂದು, ನಿಮ್ಮದೇ ರಕ್ತ ತೆಗೆದು, ಮೆಷಿನ್ನಲ್ಲಿ ತಿರುಗಿಸಿ, ಅದರ ತಿಳಿಯನ್ನ ಮಂಡಿಗೆ ಹಾಕೋದು."

"ಥೇಟ್ ನಮ್ಮ ಲಾಂಡ್ರಿ," ಎಂದಳು ಹಬೆಯಕ್ಕ.

ಡಾಕ್ಟರು ನಕ್ಕಳು. "ಸವೆತ ಈಗಿನ್ನೂ ಶುರುವಾಗಿರೋ ಕೆಲವರಿಗೆ ನೋವು ಕಡಿಮೆಯಾಗತ್ತೆ. ನಿಮಗೆ ಆಗತ್ತೆ ಅಂತ ಮಾತು ಕೊಡಲಾರೆ. ಇನ್ನೊಂದು, ಸೊಂಟದ ಮೂಳೆಯೊಳಗಿನ ಮಜ್ಜೆಯಿಂದ ಕಾಂಡಕೋಶ, ಸ್ಟೆಮ್ ಸೆಲ್ ಅಂತಾರಲ್ಲ, ಅದನ್ನ ತೆಗೆದು ಮಂಡಿಗೆ ಹಾಕೋದು. ಅದರಿಂದ ಮೆತ್ತೆ ಮತ್ತೆ ಬೆಳೆಯತ್ತೆ ಅಂತ ಹೊರಗಡೆ ಬೋರ್ಡಲ್ಲಿ ಬರ್ದಿದಾರೆ." ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಬೋರ್ಡು ಬರೆದೋಳು ನಾನಲ್ಲ. ನಿಮ್ಮ ಸ್ಥಿತಿಗೆ ಆಪರೇಷನ್ನೇ ಸರಿ. ಮಂಡಿ ಬದಲಾಯಿಸಿದ್ರೆ ಚೆನ್ನಾಗಿ ನಡೀಬಹುದು. ಆದ್ರೆ ಪೆಡಲ್ ಕೆಲಸ ಬಿಡ್ಬೇಕು."

"ಕೆಲಸ ಬಿಟ್ಟು, ಚೆನ್ನಾಗಿ ನಡ್ಕೊಂಡು ಎಲ್ಲಿಗೆ ಹೋಗ್ಲಿ?"

ರಕ್ತದ ತಿಳಿಯೇ ಆಗಲೆಂದು ಮಗಳು ಹಟ ಹಿಡಿದಳು.

"ಒಂದು ಕಟ್ಟುನಿಟ್ಟು," ಎಂದಳು ಡಾಕ್ಟರು. "ಇಂಜೆಕ್ಷನ್ನಿಗೆ ಮುಂಚೆ, ಆಮೇಲೂ ಕೆಲವು ವಾರ, ನೋವಿನ ಮಾತ್ರೆ ಮುಟ್ಟಬಾರದು. ಮುಟ್ಟಿದ್ರೆ ಇದು ಕೆಲಸ ಮಾಡಲ್ಲ. ಈಗ ಏನಾದ್ರೂ ತಗೋತಿದೀರಾ?"

"ಅಯ್ಯೋ, ಮಾತ್ರೆ ಕಂಡ್ರೇ ನಂಗಾಗಲ್ಲಮ್ಮ," ಎಂದಳು ಹಬೆಯಕ್ಕ. ಆ ಮಾತಿನಲ್ಲಿ ಹೆಮ್ಮೆಯಿತ್ತು. ನೋವಿಗೆ ಸೋತು ಮಾತ್ರೆ ನುಂಗುವ ಹೆಂಗಸು ತಾನಲ್ಲ ಎಂಬ ಹೆಮ್ಮೆ.

ರಜೆ ಸಿಕ್ಕಷ್ಟು ದಿನ ಮಲಗಿದಳು. ಮತ್ತೆ ಪೆಡಲಿಗೆ ಹೋದಳು. ಏನೂ ಚಿಗುರಲಿಲ್ಲ.

ವರ್ಷ ಕಳೆಯುವುದರೊಳಗೆ ಮುಖ ಊದಿಕೊಂಡಿತು, ಪಾದ ಊದಿಕೊಂಡಿತು. ದೊಡ್ಡಾಸ್ಪತ್ರೆಯ ಡಾಕ್ಟರು ವರದಿ ನೋಡಿ, "ವರ್ಷಗಟ್ಟಲೆ ದಿನಾ ನೋವಿನ ಮಾತ್ರೆ ತಿಂದಿರೋ ಕಿಡ್ನಿ ಇದು," ಎಂದರು. ಮಗಳು ಮನೆಯ ಡಬ್ಬಿಗಳನ್ನೆಲ್ಲ ಬೋರಲು ಹಾಕಿದಳು, ದಿಂಬಿನ ಹೊಲಿಗೆ ಬಿಚ್ಚಿದಳು. ಒಂದೂ ಸಿಗಲಿಲ್ಲ. ಹಾಸಿಗೆಯಿಂದಲೇ ಅಮ್ಮ ನೋಡುತ್ತಿದ್ದಳು.

"ನಿನ್ನಾಣೆಗೂ ಒಂದು ಮಾತ್ರೆ ನುಂಗಿಲ್ಲ ಕಣೇ. ಹುಡುಕು, ಇನ್ನೂ ಹುಡುಕು. ನನ್ನ ಹೊಟ್ಟೇನೂ ಬಿಚ್ಚಿ ನೋಡು."

*

ವ್ಯಾನಿನಿಂದ ಇಸ್ತ್ರಿ ವಿಭಾಗದ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಲಾಂಡ್ರಿಯದೇ ವ್ಯಾನು, ಹೋಟೆಲಿಗೆ ಮುಟ್ಟಿಸಬೇಕಾದ ಬಟ್ಟೆಯ ಗಂಟುಗಳ ನಡುವೆ ಅವರನ್ನೂ ತುಂಬಿಕೊಂಡು ಬಂದಿತ್ತು. ಮುಂದಿನ ಸೀಟಿನಿಂದ ಸೂಪರ್‌ವೈಸರ್ ಇಳಿದ. ಹೆಂಗಸರು ಅವನಿಗಿಟ್ಟ ಹೆಸರು ಗಂಟೆರಾಯ.

"ಬೇಗ ಆಗ್ಲಿ ತಾಯಂದ್ರಾ. ಮಧ್ಯಾಹ್ನದ ಗಂಟೆಗೆ ಎಲ್ರೂ ಪ್ರೆಸ್ ಮುಂದೆ ಇರ್ಬೇಕು."

"ನಿಂಗೆ ಗಂಟೆ ಹೊಡ್ದಾಗ್ಲೂ ನಾವೇ ಬರ್ಬೇಕಪ್ಪಾ, ಆಗ್ಲೂ ಹಿಂಗೇ ಅವಸರ ಮಾಡು," ಎಂದು ಬಾಯಕ್ಕ ಒಳಗೆ ಬಂದಳು. ಪೆಟ್ಟಿಗೆ ನೋಡಿದಳು. ಎದ್ದು ನಿಂತ ಮಂಡಿ ನೋಡಿದಳು. ಅದರ ಮೇಲಿನ ಸೀರೆಯ ನೆರಿಗೆ ಸರಿಮಾಡಿದಳು.

"ಏನು ತಡ?"

"ಮುಚ್ಚಳ ಕೂರ್ತಿಲ್ಲ," ಎಂದರು ಚಿಕ್ಕಪ್ಪ. "ಸ್ವಲ್ಪ ಒತ್ತೋಕೆ ಇವಳು ಬಿಡ್ತಿಲ್ಲ."

"ಬಿಡ್ಬಾರ್ದು. ಒತ್ತಿ ಒತ್ತಿಯೇ ಹಿಂಗಾಗಿದ್ದು ಅದು. ಮುಚ್ಚಳ ಇಲ್ದಿದ್ರೇನು ನಿದ್ದೆ ಬರಲ್ವಾ ಅವಳಿಗೆ?"

"ತೆರೆದ ಪೆಟ್ಟಿಗೆ ಹೊತ್ಕೊಂಡು ಹೋದ್ರೆ ಜನ ಏನಂತಾರೆ?"

ಬಾಯಕ್ಕ ಹೊರಗೆ ಹೋಗಿ ವ್ಯಾನಿನ ಗಂಟೊಂದನ್ನು ಬಿಚ್ಚಿ ಗರಿಮುರಿ ಇಸ್ತ್ರಿಯ ಬಿಳಿ ದುಪ್ಪಟಿ ಎಳೆದಳು.

"ಏಯ್, ಅದು ಹೋಟೆಲ್‌ದು!" ಗಂಟೆರಾಯ ಓಡಿಬಂದ.

"ಗೊತ್ತು. ಯಾರ್ಯಾರೋ ಹೊರಳಾಡೋ ಹಾಸಿಗೆಗೆ ಜೀವಮಾನವೆಲ್ಲ ಇಸ್ತ್ರಿ ಮಾಡಿದಾಳೆ. ಒಂದು ಅವಳಿಗಿರ್ಲಿ. ಕೇಳಿದ್ರೆ ಕಳೆದ್ಹೋಯ್ತು ಅನ್ನು."

ನಾಲ್ಕು ಮೂಲೆಗೆ ನಾಲ್ವರು ನಿಂತು ಬಿಡಿಸಿ ಹೊದಿಸಿದರು. ಮಂಡಿಯ ಜಾಗದಲ್ಲಿ ದುಪ್ಪಟಿ ಡೇರೆಯ ಹಾಗೆ ಎದ್ದು ನಿಂತಿತು. ಪೆಟ್ಟಿಗೆಯವನು ಮುಚ್ಚಳವನ್ನು ಗೋಡೆಗೆ ಒರಗಿಸಿದ. ಮಗಳು ತಲೆಯ ಕಡೆ ಹೆಗಲು ಕೊಟ್ಟಳು.

*

ಮಣ್ಣು ಮಾಡುವ ಜಾಗ ಗುಡ್ಡದ ಮೇಲಿತ್ತು. ರಸ್ತೆಯಿಂದ ಕಲ್ಲಿನ ಮೆಟ್ಟಿಲು. ಪೆಟ್ಟಿಗೆಯನ್ನು ಕೆಳಗಿನ ಕಟ್ಟೆಯ ಮೇಲೆ ಇಳಿಸಿ ಹೊತ್ತವರು ಉಸಿರು ತೆಗೆದುಕೊಂಡರು. ಹೆಂಗಸರು ತಲೆ ಎತ್ತಿ ಮೆಟ್ಟಿಲುಗಳನ್ನು ನೋಡಿದರು.

ಗಂಟೆರಾಯನಿಗೆ ಅವರ ಮುಖ ನೋಡಿಯೇ ತಿಳಿಯಿತು. ಕೆಟ್ಟ ಮನುಷ್ಯನಲ್ಲ ಅವನು. ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದ.

"ಹತ್ತೋದಿದೆ. ಎಲ್ರೂ ಒಂದೊಂದು ಹಾಕ್ಕೊಳ್ಳಿ. ಟೀ ಇಲ್ಲ, ಹಂಗೇ ನುಂಗಿ."

ಕೈಗಳು ತಾವಾಗಿಯೇ ಮುಂದೆ ಬಂದವು. ಅವನು ಅಂಗೈ ಅಂಗೈಗೂ ಒಂದೊಂದು ಗುಲಾಬಿ ಮಾತ್ರೆ ಉದುರಿಸುತ್ತ ಬಂದ.

"ಏನದು?" ಮಗಳು ಕೇಳಿದಳು.

"ಟೀ ಜೊತೆ ಕೊಡೋದು ಕಣೇ," ಎಂದಳು ಬಾಯಕ್ಕ. "ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಹಾಕ್ಕೊಂಡ್ರೆ ಕಾಲು ಏಳತ್ತೆ. ಇಲ್ದಿದ್ರೆ ಪೆಡಲ್ ಮೇಲೇ ಕೂತ್ಬಿಡತ್ತೆ."

"ನೋವಿನ ಮಾತ್ರೆನಾ?"

"ಮಾತ್ರೆ ಅನ್ನೋದು ಕಾಯಿಲೆಯೋರಿಗೆ. ಇದು ಕೆಲಸದ್ದು."

ಮಗಳು ಅವಳ ಅಂಗೈಯಿಂದ ಅದನ್ನು ಎತ್ತಿ ತಿರುಗಿಸಿ ನೋಡಿದಳು. "ಅಮ್ಮನೂ ತಗೋತಿದ್ಲಾ?"

"ಅವಳದು ಮೊದಲನೇ ಪ್ರೆಸ್ಸಲ್ವಾ, ಡಬ್ಬಿ ಅವಳಿಂದ್ಲೇ ಶುರು. ಯಾಕೇ? ಯಾಕೆ ಹಂಗೆ ನೋಡ್ತೀಯಾ?"

ಬಸ್ಸು ತುಂಬ ಕೇಳುವ ದನಿ ಈಗ ಹತ್ತಿರದವರಿಗೂ ಸರಿಯಾಗಿ ಕೇಳಲಿಲ್ಲ. "ಚಿಕ್ಕಮ್ಮಾ, ಬನ್ನಿ ಇಲ್ಲಿ. ಕೈ ಚಾಚಿ." ಮಾತ್ರೆಯನ್ನು ಚಿಕ್ಕಮ್ಮನ ಅಂಗೈಯಲ್ಲಿಟ್ಟಳು. "ಕದ್ದು ನುಂಗಿಲ್ಲ ನಮ್ಮಮ್ಮ. ಎಲ್ರೆದುರಿಗೆ, ಟೀ ಜೊತೆ, ಬಿಸ್ಕತ್ತು ಕೊಟ್ಟ ಹಾಗೆ ಕೊಟ್ಟಿದಾರೆ. ಅದು ಮಾತ್ರೆ ಅಂತ ಅವಳಿಗೆ ಅನ್ನಿಸ್ಲೇ ಇಲ್ಲ. ಆಣೆ ಮಾಡಿದ್ದು ನಿಜ, ಡಾಕ್ಟರು ಹೇಳಿದ್ದೂ ನಿಜ." ಆಮೇಲೆ ಹೆಂಗಸರ ಕಡೆ ತಿರುಗಿದಳು. "ಇದೇ ಅವಳ ಕಿಡ್ನಿ ತಿಂದಿದ್ದು."

"ಕಂಪನಿ ಡಾಕ್ಟರು ಕೊಡ್ತಾರೆ, ನಾನು ಹಂಚ್ತೀನಿ," ಎಂದ ಗಂಟೆರಾಯ. ಅವನ ಮುಖ ಬಿಳಿಚಿತ್ತು. "ನಾನೂ ತಗೋತೀನಮ್ಮಾ. ನಂಗೂ ಬೆನ್ನುನೋವು."

"ನಿನ್ನ ಕಿಡ್ನೀನೂ ನೋಡಿಸ್ಕೋ," ಎಂದಳು ಬಾಯಕ್ಕ. ಅದು ಬೈಗುಳವೋ ಕಾಳಜಿಯೋ ಅವಳಿಗೂ ಗೊತ್ತಿರಲಿಲ್ಲ. ತನ್ನ ಕೈಯನ್ನು ಸೀರೆಗೆ ಉಜ್ಜಿಕೊಂಡಳು. ಒಬ್ಬಳು ಮಾತ್ರೆಯನ್ನು ಡಬ್ಬಿಗೇ ಹಾಕಿದಳು, ಒಬ್ಬಳು ಚರಂಡಿಗೆ ಎಸೆದಳು. ಕೊನೆಯಲ್ಲಿ ನಿಂತಿದ್ದ ಬಡಕಲು ಹೆಂಗಸು, "ನಂಗೆ ಹತ್ತೋಕಾಗಲ್ಲ ಕಣ್ರೇ," ಎಂದು ನುಂಗಿಯೇಬಿಟ್ಟಳು.

ಹತ್ತಿದರು. ಪಕ್ಕದ ಕಂಬಿ ಹಿಡಿದು, ಒಬ್ಬರ ಸೊಂಟಕ್ಕೊಬ್ಬರು ಆನಿಸಿ, ಎರಡು ಮೆಟ್ಟಿಲಿಗೊಮ್ಮೆ ನಿಂತು ಹತ್ತಿದರು. ಮೇಲೆ ಎಲ್ಲ ಬೇಗ ಮುಗಿಯಿತು. ಮೊದಲು ಪಾದ ಮುಚ್ಚಿತು, ಆಮೇಲೆ ಮುಖ. ಬಿಳಿ ದುಪ್ಪಟಿಯ ಮಂಡಿ ಬಹಳ ಹೊತ್ತು ಮಣ್ಣಿನ ಮೇಲೆ ಕಾಣುತ್ತಲೇ ಇತ್ತು.

ಗಂಟೆರಾಯ ದಡದಡ ಮೆಟ್ಟಿಲಿಳಿದು ವ್ಯಾನು ಸೇರಿದ. ಮಧ್ಯಾಹ್ನದ ಗಂಟೆಗೆ ಹೊತ್ತಾಗುತ್ತಿತ್ತು. ಹಾರ್ನ್ ಒತ್ತಿದ. ಯಾರೂ ಬರಲಿಲ್ಲ. ಇನ್ನೊಮ್ಮೆ ಒತ್ತಿ ತಲೆ ಹೊರಹಾಕಿ ಮೇಲೆ ನೋಡಿದ.

ಸವೆದ ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮುಂದಕ್ಕೆ ಕಾಲಿಟ್ಟರೆ ಮೈಭಾರವೆಲ್ಲ ಒಂದೇ ಕೀಲಿಗೆ ಬೀಳುತ್ತದೆ. ಹೆಂಗಸರು ಹಿಂದುಹಿಂದಾಗಿ ಇಳಿಯುತ್ತಿದ್ದರು. ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಮಗಳು. ಬಸ್ಸು ಹಿಂದಕ್ಕೆ ತೆಗೆಸುವವಳ ಹಾಗೆ ಕೈಯಾಡಿಸುತ್ತ, "ಬರ್ಲಿ... ಬರ್ಲಿ... ಅಲ್ಲೇ... ಹಾಂ, ಬರ್ಲಿ," ಎನ್ನುತ್ತಿದ್ದಳು. ಎದುರಿನಿಂದ ಇನ್ಯಾರದೋ ಪೆಟ್ಟಿಗೆ ಹೊತ್ತು ಹತ್ತುತ್ತಿದ್ದವರು ಅರ್ಧದಲ್ಲೇ ನಿಂತರು. ಮುಂದಿದ್ದ ಮುದುಕ ಟೋಪಿ ತೆಗೆದು, ತನ್ನವರನ್ನು ಬದಿಗೆ ಸರಿಸಿ, ದಾರಿ ಬಿಟ್ಟ.

ಹಾರ್ನ್ ಮತ್ತೆ ಕೂಗಿತು. ಒಬ್ಬಳೂ ತಿರುಗಲಿಲ್ಲ. ಸಾಲಾಗಿ, ಹಸಿ ಮಣ್ಣಿನ ಕಡೆ ಮುಖ ಮಾಡಿ, ಪಾದದ ತುದಿಯಿಂದ ಮುಂದಿನ ಮೆಟ್ಟಿಲನ್ನು ತಡಕುತ್ತ, ಬೆನ್ನುಗಳು ಅವನ ಕಡೆಗೆ ನಿಧಾನವಾಗಿ ಇಳಿದು ಬರುತ್ತಿದ್ದವು.